ನಾಳೆಯ ಬಿಸಿಲು ಯಾವ ಪ್ರಮಾಣ?

ಮಾರ್ಚ್ ಕೊನೆಯ ವಾರ ಬಂತೆಂದರೆ ಕರ್ನಾಟಕದ ಹವಾಮಾನ ವರದಿಯಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಉತ್ತರ ಒಳನಾಡಿನಲ್ಲಿ ಮುಂದಿನ ಮೂರು ದಿನ ಗರಿಷ್ಠ ಉಷ್ಣಾಂಶ ಎರಡು ಮೂರು ಡಿಗ್ರಿ ಏರುವ ಸಾಧ್ಯತೆ ಇದೆ. ಒಂದೆರಡು ಕಡೆ ಗಂಟೆಗೆ 30ರಿಂದ 40 ಕಿ.ಮೀ. ವೇಗದ ಗಾಳಿ ಬೀಸುವ ಸಾಧ್ಯತೆ ಇದೆ. ಇನ್ನೂ ನಡೆಯದ, ಯಾರೂ ಕಾಣದ ಸಂಗತಿಯ ಬಗ್ಗೆ ಆಡಿದ ಮಾತು ಇದು. ಹಾಗೆಂದು ಇದು ಕಲ್ಪನೆಯಲ್ಲ, ಹಾರೈಕೆಯೂ ಅಲ್ಲ. ಇದನ್ನು ನೆಚ್ಚಿ ಮೀನುಗಾರರು ಕಡಲಿಗಿಳಿಯದೆ ಉಳಿಯುತ್ತಾರೆ, ರೈತರು ರಾಶಿಗೆ ತಾಡಪತ್ರಿ ಹೊದಿಸುತ್ತಾರೆ, ಮದುವೆ ಮನೆಯವರು ಶಾಮಿಯಾನದ ಹಗ್ಗ ಬಿಗಿಯುತ್ತಾರೆ.

ಸರಿಯಾದ ಅರಿವು ಹುಟ್ಟುವ ದಾರಿಯನ್ನು ಭಾರತೀಯ ದರ್ಶನಗಳು ಪ್ರಮಾಣ ಎಂದು ಕರೆದವು. ನ್ಯಾಯದರ್ಶನ ಅಂಥ ನಾಲ್ಕನ್ನು ಒಪ್ಪುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ನಾಳೆಯ ಬಿಸಿಲಿನ ಬಗೆಗಿನ ಮಾತು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ, ಅಥವಾ ಯಾವುದಕ್ಕಾದರೂ ಸೇರುತ್ತದೆಯೇ ಎಂಬುದು ಹೊಸ ಪ್ರಶ್ನೆಯೇನಲ್ಲ. ಮೋಡ, ಮಳೆ, ನದಿಯ ನೆರೆ ತರ್ಕಶಾಸ್ತ್ರದಲ್ಲಿ ಮೊದಲಿನಿಂದಲೂ ಇರುವ ಉದಾಹರಣೆಗಳು. ಹೊಗೆ ಕಂಡು ಬೆಂಕಿಯನ್ನು ಊಹಿಸುವ ಬೆಟ್ಟದ ಉದಾಹರಣೆ ಎಲ್ಲರ ಬಾಯಲ್ಲಿದೆ. ಕಷ್ಟದ ಪ್ರಶ್ನೆಗಳನ್ನು ಎತ್ತಿದ್ದು ಮಾತ್ರ ಮಳೆಯ ಉದಾಹರಣೆ.

ಮೊದಲು ಪ್ರತ್ಯಕ್ಷ. ಗಾಳಿ ಬೀಸುತ್ತಿದೆ ಎಂಬುದು ಪ್ರತ್ಯಕ್ಷವೇ ಎಂಬುದರಲ್ಲೇ ಶಾಸ್ತ್ರಕಾರರಿಗೆ ಒಮ್ಮತವಿರಲಿಲ್ಲ. ಕಣಾದನ ವೈಶೇಷಿಕದಲ್ಲಿ ವಾಯುವಿಗೆ ರೂಪವಿಲ್ಲ, ಸ್ಪರ್ಶವಿದೆ. ಮೈಗೆ ತಾಗುವ ಸ್ಪರ್ಶ, ಎಲೆಗಳ ಸದ್ದು, ಹತ್ತಿಯಂಥ ಹಗುರ ವಸ್ತು ಬೀಳದೆ ತೇಲುವುದು, ಕೊಂಬೆಯ ಅಲುಗಾಟ ಎಂಬ ನಾಲ್ಕು ಗುರುತುಗಳಿಂದ ವಾಯುವನ್ನು ಊಹಿಸಬೇಕು ಎಂದು ಪ್ರಶಸ್ತಪಾದ ವಿವರಿಸಿದ. ಹಳೆಯ ವೈಶೇಷಿಕರ ಪ್ರಕಾರ ಚರ್ಮಕ್ಕೆ ತಿಳಿಯುವುದು ಸ್ಪರ್ಶವೆಂಬ ಗುಣ ಮಾತ್ರ, ಗಾಳಿಯೆಂಬ ದ್ರವ್ಯವಲ್ಲ. ನವ್ಯ ನೈಯಾಯಿಕರು ಇದನ್ನು ಒಪ್ಪಲಿಲ್ಲ; ಗಾಳಿ ಬೀಸಿದಾಗ ಗಾಳಿಯೇ ತಾಗಿತು ಎಂದು ಎಲ್ಲರೂ ಹೇಳುವುದರಿಂದ ಅದು ಚರ್ಮಕ್ಕೆ ಪ್ರತ್ಯಕ್ಷ ಎಂದರು. ತೈತ್ತಿರೀಯ ಉಪನಿಷತ್ತಿನ ಶಾಂತಿಮಂತ್ರ ವಾಯುವನ್ನು ಪ್ರತ್ಯಕ್ಷ ಬ್ರಹ್ಮವೆಂದೇ ಕರೆಯುತ್ತದೆ. ವಾಯುವನ್ನು ಜೀವೋತ್ತಮನೆಂದೂ ಮಧ್ವಾಚಾರ್ಯರನ್ನು ವಾಯುವಿನ ಮೂರನೆಯ ಅವತಾರವೆಂದೂ ನಂಬುವ ಉಡುಪಿಯ ಪರಂಪರೆಗಂತೂ ಗಾಳಿ ಬರಿಯ ದ್ರವ್ಯವಾಗಿ ಉಳಿಯುವುದೇ ಇಲ್ಲ.

ಬಿಸಿಗಾಳಿಯ ವಿಷಯದಲ್ಲಿ ವೈಶೇಷಿಕರ ಒಂದು ವಿಂಗಡಣೆ ಗಮನಿಸುವಂಥದ್ದು. ಅವರ ಎಣಿಕೆಯಲ್ಲಿ ನೀರಿನ ಸ್ಪರ್ಶ ತಂಪು, ತೇಜಸ್ಸಿನದು ಬಿಸಿ. ಗಾಳಿಯ ಸ್ಪರ್ಶ ‘ಅನುಷ್ಣಾಶೀತ’, ಅಂದರೆ ಬಿಸಿಯೂ ಅಲ್ಲದ್ದು, ತಂಪೂ ಅಲ್ಲದ್ದು. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಮುಖಕ್ಕೆ ಹೊಡೆಯುವ ಝಳ ಗಾಳಿಯ ಸ್ವಂತದ್ದಲ್ಲ, ಅದು ಹೊತ್ತು ತಂದ ತೇಜಸ್ಸಿನದು. ಇಂದಿನ ಭೌತವಿಜ್ಞಾನದ ಲೆಕ್ಕ ಬೇರೆ, ಅದನ್ನೂ ಇದನ್ನೂ ಗಂಟು ಹಾಕಿ ಹೆಮ್ಮೆಪಡಬೇಕಾಗಿಲ್ಲ. ಆದರೆ ಗಾಳಿ ಬಿಸಿಲಿನಿಂದ ನೇರವಾಗಿ ಕಾಯುವುದು ಕಡಿಮೆ, ಮೊದಲು ನೆಲ ಕಾದು ಆಮೇಲೆ ಅದರ ಮೇಲಿನ ಗಾಳಿ ಕಾಯುತ್ತದೆ ಎಂಬುದು ಈಗಿನ ಪಾಠವೂ ಹೌದು. ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಸುಮಾರಿಗಾದರೂ ದಿನದ ಗರಿಷ್ಠ ಉಷ್ಣಾಂಶ ದಾಖಲಾಗುವುದು ಎರಡು ಮೂರು ಗಂಟೆಯ ಹೊತ್ತಿಗೆ. ವರದಿಯಲ್ಲಿ ಬರುವ 41 ಡಿಗ್ರಿ ಬಿಸಿಲಿನ ಅಳತೆಯೂ ಅಲ್ಲ. ಕಿಂಡಿಗಳಿರುವ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ, ಆಳೆತ್ತರಕ್ಕಿಂತ ತುಸು ಕೆಳಗೆ ಇಟ್ಟ ಉಷ್ಣಮಾಪಕ ತೋರಿಸಿದ್ದು ಅದು. ಹೊಲದಲ್ಲಿ ನಿಂತವರ ಬೆನ್ನಿಗೆ ತಾಗುವುದೇ ಬೇರೆ. ಇಂದಿನ ಬಿಸಿಲೇ ಹೀಗೆ ಅರ್ಧ ಪ್ರತ್ಯಕ್ಷ, ಅರ್ಧ ಊಹೆಯಾಗಿರುವಾಗ ನಾಳೆಯದು ಪೂರ್ತಿ ಊಹೆಗೇ ಸೇರಬೇಕು.

ಊಹೆಗೆ ಶಾಸ್ತ್ರದ ಹೆಸರು ಅನುಮಾನ. ಕನ್ನಡದಲ್ಲಿ ಈ ಪದಕ್ಕೆ ಒಂದು ವಿಚಿತ್ರ ಗತಿ ಒದಗಿದೆ. ತರ್ಕದಲ್ಲಿ ಅನುಮಾನವೆಂದರೆ ಗುರುತನ್ನು ಕಂಡು ಪಡೆದ ನಿಶ್ಚಯ. ಮನೆಮಾತಿನಲ್ಲಿ ಅನುಮಾನವೆಂದರೆ ಸಂಶಯ. ‘ಅವನು ಬರುವುದು ಅನುಮಾನ’ ಎಂದರೆ ಬರಲಿಕ್ಕಿಲ್ಲ ಎಂದೇ ಅರ್ಥ. ಒಂದೇ ಪದ ನಿಶ್ಚಯಕ್ಕೂ ಸಂಶಯಕ್ಕೂ ನಿಲ್ಲುತ್ತದೆ. ಹವಾಮಾನ ಮುನ್ಸೂಚನೆ ಈ ಎರಡು ಅರ್ಥಗಳಲ್ಲೂ ಅನುಮಾನವೇ ಆಗಿರುವುದರಿಂದ, ಅದರ ಸ್ವರೂಪ ತಿಳಿಯಲು ಈ ಪದ ಸವೆದ ಜಾಡನ್ನೇ ಹಿಡಿದು ಹೋಗಬಹುದು.

ಗೌತಮನ ನ್ಯಾಯಸೂತ್ರ ಅನುಮಾನವನ್ನು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರಾಗಿ ವಿಂಗಡಿಸುತ್ತದೆ. ಸುಮಾರು 5ನೇ ಶತಮಾನದ ಭಾಷ್ಯಕಾರ ವಾತ್ಸ್ಯಾಯನ ಮೊದಲ ಎರಡಕ್ಕೂ ಮಳೆಯನ್ನೇ ಉದಾಹರಣೆಯಾಗಿ ಕೊಟ್ಟ. ಏರಿ ಬರುವ ಮೋಡ ಕಂಡು ಮಳೆ ಬರುತ್ತದೆ ಎಂದು ತಿಳಿಯುವುದು ಪೂರ್ವವತ್, ಅಂದರೆ ಕಾರಣದಿಂದ ಕಾರ್ಯಕ್ಕೆ ಹೋಗುವುದು. ತುಂಬಿ ಹರಿಯುವ ನದಿ ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು ಶೇಷವತ್, ಕಾರ್ಯದಿಂದ ಕಾರಣಕ್ಕೆ ಬರುವುದು.

ಇದಕ್ಕೆ ಎದುರಾದ ಆಕ್ಷೇಪವನ್ನೂ ಸೂತ್ರವೇ ದಾಖಲಿಸಿದೆ. ಅಡ್ಡಗಟ್ಟಿದರೂ ನದಿ ಉಕ್ಕುತ್ತದೆ. ಇರುವೆಗಳು ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತದೆ ಎನ್ನುತ್ತಾರೆ, ಗೂಡು ಕೆಡಿಸಿದರೂ ಅವು ಹಾಗೇ ಹೊರಡುತ್ತವೆ. ನವಿಲಿನ ಕೂಗನ್ನು ಮನುಷ್ಯನೂ ಅನುಕರಿಸಬಲ್ಲ. ಆದ್ದರಿಂದ ಅನುಮಾನ ನಂಬಿಕೆಗೆ ಯೋಗ್ಯವಲ್ಲ ಎಂಬುದು ಆಕ್ಷೇಪಕನ ವಾದ. ಶ್ರೀರಂಗಪಟ್ಟಣದ ಬಳಿ ಕಾವೇರಿ ಉಕ್ಕಿದ ಮಾತ್ರಕ್ಕೆ ಆ ದಿನ ಕೊಡಗಿನಲ್ಲಿ ಮಳೆ ಸುರಿದಿದೆ ಎನ್ನುವಂತಿಲ್ಲ, ಕನ್ನಂಬಾಡಿಯ ಗೇಟು ತೆರೆದಿರಬಹುದು ಎಂದು ಇಂದಿನ ಆಕ್ಷೇಪಕ ಹೇಳಿಯಾನು. ಸಿದ್ಧಾಂತಿಯ ಉತ್ತರ ಚುರುಕಾಗಿದೆ: ತಪ್ಪಿದ್ದು ಅನುಮಾನವಲ್ಲ, ಗುರುತು ಹಿಡಿದವನ ಕಣ್ಣು. ಮಳೆಯ ನೆರೆ ಬೇರೆ, ಕಟ್ಟೆಯ ನೆರೆ ಬೇರೆ. ಮಳೆಯ ನೆರೆಯಲ್ಲಿ ಸೆಳೆತವಿರುತ್ತದೆ, ನೊರೆ ಇರುತ್ತದೆ, ಎಲೆ, ಹಣ್ಣು, ಕಟ್ಟಿಗೆ ತೇಲಿ ಬರುತ್ತವೆ. ಗೂಡು ಕೆಟ್ಟ ಇರುವೆಗಳ ಗಾಬರಿಯೇ ಬೇರೆ.

ಈ ಉತ್ತರ ನದಿಗೆ ಸಲ್ಲುತ್ತದೆ, ಮೋಡಕ್ಕೆ ಅಷ್ಟಾಗಿ ಸಲ್ಲುವುದಿಲ್ಲ. ಎಷ್ಟು ಹರಿತವಾದ ಕಣ್ಣಿಗೂ ಕೈಕೊಡುವ ಮೋಡಗಳಿವೆ. ಈ ಕೊರತೆಯನ್ನು ಸರಿಯಾಗಿ ಗುರುತಿಸಿದವನು ಬೌದ್ಧ ತಾರ್ಕಿಕ ಧರ್ಮಕೀರ್ತಿ, 7ನೇ ಶತಮಾನದ ಆಸುಪಾಸಿನವನು. ಕಾರ್ಯದಿಂದ ಕಾರಣವನ್ನು ಊಹಿಸಬಹುದು, ಏಕೆಂದರೆ ಕಾರಣವಿಲ್ಲದೆ ಕಾರ್ಯ ಹುಟ್ಟದು. ಕಾರಣದಿಂದ ಕಾರ್ಯವನ್ನು ಹಾಗೆ ಊಹಿಸಲಾಗದು, ನಡುವೆ ಅಡ್ಡಿ ಬರಬಹುದು. ಹಸಿ ನೆಲಕ್ಕೆ ಬಿದ್ದ ಬೀಜ ಮೊಳೆಯುವ ಮೊದಲೇ ಇಲಿಯ ಪಾಲಾಗಬಹುದು. ಹಾಗಾದರೆ ಕಾರಣಗಳೆಲ್ಲ ಕೂಡಿ ಬಂದದ್ದನ್ನು ಕಂಡು ಏನನ್ನು ತಿಳಿಯಬಹುದು? ಆ ಸಾಮಗ್ರಿಗೆ ಕಾರ್ಯವನ್ನು ಹುಟ್ಟಿಸುವ ಯೋಗ್ಯತೆ ಇದೆ ಎಂಬುದನ್ನು ಮಾತ್ರ. ಅದು ಮುಂದಾಗುವುದರ ಬಗೆಗಿನ ಅರಿವಲ್ಲ, ಈಗ ಇರುವುದರ ಬಗೆಗಿನ ಅರಿವು. ಮುನ್ಸೂಚನೆಯ ಸ್ವರೂಪದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಮಾತು ಹುಡುಕುವುದು ಕಷ್ಟ. ‘ಗಾಳಿ ಬೀಸಲು ಅನುಕೂಲ ವಾತಾವರಣವಿದೆ’ ಎಂಬ ವಾಕ್ಯ ಸರಿಯೋ ತಪ್ಪೋ ಎಂಬುದು ನಾಳೆ ಗಾಳಿ ಬೀಸುವುದರಿಂದಲೇ ತೀರ್ಮಾನವಾಗುವುದಿಲ್ಲ, ಇಂದಿನ ಒತ್ತಡ, ತೇವಾಂಶ, ಉಷ್ಣಾಂಶಗಳನ್ನು ಸರಿಯಾಗಿ ಅಳೆದದ್ದು ಹೌದೇ ಎಂಬುದರಿಂದ ತೀರ್ಮಾನವಾಗುತ್ತದೆ.

ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲಿ ತೋರಿಸಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಕಂಪ್ಯೂಟರಿಗೆ 0.506127 ಎಂಬ ಅಂಕಿಯ ಬದಲು 0.506 ಎಂದು ಕೊಟ್ಟದ್ದರಿಂದ ಲೆಕ್ಕದ ಹವೆ ಎರಡನೆಯ ‘ತಿಂಗಳ’ ಹೊತ್ತಿಗೆ ಪೂರ್ತಿ ಬೇರೆ ದಾರಿ ಹಿಡಿದದ್ದನ್ನು ಅವರು ಗಮನಿಸಿದ್ದರು. ಧರ್ಮಕೀರ್ತಿಯ ಲೆಕ್ಕದಲ್ಲಿ ಅಡ್ಡಿ ಹೊರಗಿನಿಂದ ಬರಬೇಕು. ಇಲ್ಲಿ ಹೊರಗಿನಿಂದ ಯಾರೂ ಬರಬೇಕಾಗಿಲ್ಲ; ಅಳತೆಗೆ ಸಿಗದೆ ಉಳಿದ ಒಂದು ಚೂರೇ ಸಾಕು. ಅದಕ್ಕೇ ಇಂದಿನ ಮುನ್ಸೂಚನಾ ಕೇಂದ್ರಗಳು ಒಂದೇ ಲೆಕ್ಕವನ್ನು ಆರಂಭದ ಅಂಕಿಗಳನ್ನು ತುಸುತುಸು ಬದಲಿಸಿ ಹತ್ತಾರು ಸಲ ಮಾಡುತ್ತವೆ. ಹೆಚ್ಚಿನವು ಒಂದೇ ಕಡೆಗೆ ಬೊಟ್ಟು ಮಾಡಿದರೆ ಧೈರ್ಯವಾಗಿ ಹೇಳುತ್ತವೆ, ಚದುರಿದರೆ ಹಿಂಜರಿಯುತ್ತವೆ. ದಿನದಿನದ ಹವೆಯನ್ನು ಎರಡು ವಾರಗಳಾಚೆಗೆ ಹೇಳಲಾಗದು ಎಂಬುದು ಹೆಚ್ಚುಕಡಿಮೆ ಒಪ್ಪಿತವಾದ ಮಿತಿ.

ಇಷ್ಟು ಒಪ್ಪಿದ ಮೇಲೆ ಚಾರ್ವಾಕನಿಗೆ ಬಾಗಿಲು ತೆರೆದಂತಾಗುತ್ತದೆ. ಅನುಮಾನವನ್ನೇ ಬಿಡಿ, ಲೋಕದ ವ್ಯವಹಾರವೆಲ್ಲ ಬರಿಯ ಸಂಭಾವನೆಯಿಂದ ನಡೆಯುತ್ತದೆ ಎನ್ನುವುದು ಅವನ ನಿಲುವು. 10ನೇ ಶತಮಾನದ ಕೊನೆಯ ಭಾಗದಲ್ಲಿದ್ದ ಉದಯನ ತನ್ನ ‘ನ್ಯಾಯಕುಸುಮಾಂಜಲಿ’ಯಲ್ಲಿ ಇದಕ್ಕೆ ಉತ್ತರ ಕೊಟ್ಟ. ಸಂಭಾವನೆಯೂ ಸಂಶಯದ ಒಂದು ಬಗೆಯೇ. ನಾಳೆ ಅಡ್ಡಿ ಬಂದೀತು ಎಂದು ಶಂಕಿಸಲಿಕ್ಕೂ ನಾಳೆ ಎಂಬುದೊಂದು ಇದೆ ಎಂಬ ಅನುಮಾನ ಬೇಕು. ಸಂಶಯಕ್ಕೊಂದು ಎಲ್ಲೆ ಇದೆ. ಸಂಶಯಪಡುವವನ ನಡೆಗೂ ಮಾತಿಗೂ ವಿರೋಧ ಬಂದಲ್ಲಿ ಅದು ನಿಲ್ಲುತ್ತದೆ. ಹೊಗೆಗೆ ಬೆಂಕಿಯೇ ಕಾರಣವೇ ಎಂದು ನಿಜವಾಗಿ ಶಂಕಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಏಕೆ ಹುಡುಕುತ್ತಾನೆ?

ಮುಂದಿನ ತಾರ್ಕಿಕರು ಸಂಭಾವನೆಯನ್ನು ‘ಉತ್ಕಟಕೋಟಿಕ ಸಂಶಯ’ ಎಂದು ಹೆಸರಿಸಿದರು. ಸಂಶಯಕ್ಕೆ ಎರಡು ಕೋಟಿಗಳು, ಅಂದರೆ ಎರಡು ತುದಿಗಳು: ಬೀಸುತ್ತದೆ, ಬೀಸುವುದಿಲ್ಲ. ಎರಡೂ ಸಮತೂಕವಾಗಿದ್ದರೆ ಬರಿಯ ಸಂಶಯ. ಒಂದು ತುದಿ ಭಾರವಾಗಿದ್ದರೆ ಸಂಭಾವನೆ. ಕನ್ನಡ ವ್ಯಾಕರಣದಲ್ಲಿ ಇದಕ್ಕೆಂದೇ ಒಂದು ಕ್ರಿಯಾರೂಪವಿದೆ, ಸಂಭಾವನಾರ್ಥಕ: ಬಂದೀತು, ಬೀಸೀತು, ಏರೀತು. ಇಷ್ಟು ಚಿಕ್ಕ, ಇಷ್ಟು ಖಚಿತವಾದ ರೂಪ ಕೈಯಲ್ಲಿದ್ದೂ ವರದಿಗಳು ಪ್ರತಿ ಸಾಲಿಗೂ ‘ಸಾಧ್ಯತೆ ಇದೆ’ ಎಂದು ಎಳೆಯುವುದು ಭಾಷೆಯ ಮಟ್ಟಿಗೆ ನಷ್ಟವೇ.

ತುದಿ ಎಷ್ಟು ಭಾರ ಎಂಬುದನ್ನು ತರ್ಕಶಾಸ್ತ್ರ ತೂಗಲಿಲ್ಲ. ಆ ಕೆಲಸವನ್ನು ಹವಾಮಾನ ಇಲಾಖೆ ಮಾಡುತ್ತದೆ. 1875ರಲ್ಲಿ ಆರಂಭವಾದ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಸಾಧ್ಯತೆಯ ಪದಗಳಿಗೆ ಶೇಕಡಾವಾರು ಗಡಿಗಳಿವೆ. ಶೇ 25ಕ್ಕಿಂತ ಕಡಿಮೆಯಾದರೆ ಸಾಧ್ಯತೆ ಇಲ್ಲ ಎಂಬ ಪದ. 25ರಿಂದ 50 ಆದರೆ ಸಾಧ್ಯತೆ ಇದೆ ಎಂಬ ಪದ. ಅದರಿಂದ 75ರವರೆಗೆ, ಅದಕ್ಕೂ ಮೇಲೆ ಇನ್ನೆರಡು ಮೆಟ್ಟಿಲು. ಅರ್ಥಾತ್, ‘ಸಾಧ್ಯತೆ ಇದೆ’ ಎಂದು ಇಲಾಖೆ ಹೇಳಿದಾಗ ಆಗದಿರುವ ತುದಿಯೇ ಭಾರವಾಗಿರಬಹುದು. ಓದುವವರು ಅದನ್ನು ಆಗುತ್ತದೆ ಎಂದು ಓದಿಕೊಂಡು ಮರುದಿನ ಇಲಾಖೆಯನ್ನು ಗೇಲಿ ಮಾಡುತ್ತಾರೆ. ‘ಒಂದೆರಡು ಕಡೆ’ ಎಂಬುದಕ್ಕೂ ಅಳತೆ ಇದೆ: ಆ ಪ್ರದೇಶದ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ. ಬಿಸಿ ಅಲೆ ಎಂಬ ಪದವನ್ನೂ ಬಾಯಿಗೆ ಬಂದಂತೆ ಬಳಸುವಂತಿಲ್ಲ. ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ 45 ಡಿಗ್ರಿ ಮುಟ್ಟಬೇಕು.

ಓದುವವರ ಮಟ್ಟಿಗೆ ಇದು ಅನುಮಾನವೂ ಅಲ್ಲ ಎಂಬುದು ಇನ್ನೊಂದು ತಿರುವು. ಅಂಕಿಗಳನ್ನು ಕಂಡು ಊಹಿಸಿದವರು ಬೇರೆ, ಓದಿ ನಂಬಿದವರು ಬೇರೆ. ಅವರಿಗೆ ಇದು ಶಬ್ದಪ್ರಮಾಣ, ಆಪ್ತನ ಮಾತು. ಆಪ್ತ ಯಾರು ಎಂಬುದಕ್ಕೆ ವಾತ್ಸ್ಯಾಯನ ಕೊಟ್ಟ ಲಕ್ಷಣ ಉದಾರವಾದದ್ದು. ವಿಷಯವನ್ನು ಕಂಡು ತಿಳಿದವನಾಗಿರಬೇಕು, ತಿಳಿದಂತೆ ಹೇಳುವ ಇಚ್ಛೆಯಿರಬೇಕು. ಋಷಿಯಾದರೂ ಆರ್ಯನಾದರೂ ಮ್ಲೇಚ್ಛನಾದರೂ ಈ ಲಕ್ಷಣ ಒಂದೇ. ಕುಲವನ್ನು ಕೇಳದ ಈ ಲಕ್ಷಣ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ಕರೆ ಎತ್ತುವವರಿಗೂ ಸಲ್ಲುತ್ತದೆ. ಎರಡು ವೈದಿಕ ದೇವತೆಗಳ ಹೆಸರನ್ನು ಜೋಡಿಸಿಕೊಂಡ ಈ ಫೋನ್ ಸೇವೆ ಸುತ್ತಲ ಮಳೆಮಾಪಕಗಳ ಅಂಕಿ ನೋಡಿ ಉತ್ತರ ಕೊಡುತ್ತದೆ. ಕಂಡು ತಿಳಿದಿರಬೇಕು ಎಂಬ ಷರತ್ತು ಮಾತ್ರ ಇಲ್ಲಿ ಸಡಿಲವಾಗುತ್ತದೆ. ನಾಳೆಯನ್ನು ಕಂಡವರು ಯಾರೂ ಇಲ್ಲ.

ಹಳ್ಳಿಗಳಲ್ಲಿ ಇನ್ನೊಬ್ಬ ಆಪ್ತನಿದ್ದಾನೆ, ಪಂಚಾಂಗ. ಯುಗಾದಿಯ ದಿನ ಅದರಲ್ಲಿ ವರ್ಷದ ಮಳೆ ಬೆಳೆಯ ಫಲ ಓದುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಯ ಹೆಸರಿದೆ. ಬಿತ್ತನೆಯ ಲೆಕ್ಕವನ್ನು ಈ ಹೆಸರುಗಳಲ್ಲೇ ಹಾಕುವ ರೈತರು ಈಗಲೂ ಇದ್ದಾರೆ. ಇದು ಮೂಢನಂಬಿಕೆಯಲ್ಲ, ಸೂರ್ಯನ ಗತಿಗೆ ಕಟ್ಟಿದ ಒಳ್ಳೆಯ ಋತುಪಟ್ಟಿ. ಆದರೆ ಇದರ ವ್ಯಾಪ್ತಿಗೆ, ಅಂದರೆ ನಕ್ಷತ್ರಕ್ಕೂ ಮಳೆಗೂ ಇರುವ ನಂಟಿಗೆ, ತಾರ್ಕಿಕರು ‘ಉಪಾಧಿ’ ಎನ್ನುವ ದೋಷವಿದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಕಟ್ಟಿಗೆ ಹಸಿಯಾಗಿದ್ದರೆ ಮಾತ್ರ ಇರುತ್ತದೆ; ಹಸಿ ಕಟ್ಟಿಗೆ ಅಲ್ಲಿಯ ಉಪಾಧಿ. ಇಲ್ಲಿಯ ಉಪಾಧಿ ನಕ್ಷತ್ರವೂ ಋತುವೂ ಜೊತೆಯಲ್ಲಿ ಇರುವುದು. ಭೂಮಿಯ ಅಕ್ಷದ ನಿಧಾನ ತಿರುಗಾಟದಿಂದ ಈ ಜೊತೆ ಸುಮಾರು 71 ವರ್ಷಕ್ಕೊಂದು ದಿನ ತಪ್ಪುತ್ತ ಬಂದಿದೆ. 6ನೇ ಶತಮಾನದ ವರಾಹಮಿಹಿರನ ಕಾಲಕ್ಕೂ ಇಂದಿಗೂ ಅಂತರ ಮೂರು ವಾರ. ಹಳೆಯ ಗ್ರಂಥದಲ್ಲಿ ಆರಿದ್ರೆಗೆ ಹೇಳಿದ್ದು ಇಂದು ಆಕಾಶದ ಆರಿದ್ರೆಗಿಂತ ಮೊದಲೇ ಬರಬೇಕು.

ಎರಡನೆಯ ಉಪಾಧಿ ಇತ್ತೀಚಿನದು, ಹೆಚ್ಚು ವೇಗದ್ದು. ಹಳೆಯ ದಾಖಲೆಯಿಂದ ಮುಂದಿನದನ್ನು ಊಹಿಸುವಾಗ ಹವೆಯ ಒಟ್ಟು ಸ್ವಭಾವ ಬದಲಾಗಿಲ್ಲ ಎಂದು ಇಟ್ಟುಕೊಂಡಿರುತ್ತೇವೆ. 1850-1900ರ ಸರಾಸರಿಗೆ ಹೋಲಿಸಿದರೆ 2011-2020ರಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ನಾಳೆ ಎರಡು ಡಿಗ್ರಿ ಏರುವುದು ಒಂದು ಸಂಗತಿ, ಮತ್ತೆ ಇಳಿಯುತ್ತದೆ, ಈ 1.1 ಡಿಗ್ರಿ ಬೇರೆಯೇ ಸಂಗತಿ. ‘ವಾಡಿಕೆಗಿಂತ’ ಎಂದು ವರದಿ ಹೇಳುವಾಗ ಹೋಲಿಸುವ ವಾಡಿಕೆಯೂ ಮೂವತ್ತು ವರ್ಷಗಳ ಸರಾಸರಿಯಾದ್ದರಿಂದ ಅದನ್ನೂ ಆಗಾಗ ಬದಲಿಸಬೇಕಾಗುತ್ತದೆ.

ಮುನ್ಸೂಚನೆ ಸುಳ್ಳಾದರೆ? ಮೀಮಾಂಸಕರಿಗೂ ನೈಯಾಯಿಕರಿಗೂ ಇಂಥದೇ ಪ್ರಶ್ನೆ ಯಜ್ಞದ ವಿಷಯದಲ್ಲಿ ಎದುರಾಗಿತ್ತು. ಕಾರೀರೀ ಎಂಬ ಇಷ್ಟಿ ಮಳೆಗಾಗಿ ಮಾಡುವಂಥದು. ಬೇರೆ ಇಷ್ಟಿಗಳ ಫಲ ಮುಂದಿನ ಜನ್ಮಕ್ಕೆ ಹೋದೀತು, ಇದರದು ಹೋಗುವಂತಿಲ್ಲ. ಪೈರು ಈಗಲೇ ಒಣಗುತ್ತಿದೆ. ಕರ್ಮ ಮಾಡಿಯೂ ಫಲ ಕಾಣದಿದ್ದರೆ ಕರ್ಮದಲ್ಲಿ, ಕರ್ತೃವಿನಲ್ಲಿ, ಸಾಧನದಲ್ಲಿ ಎಲ್ಲೋ ದೋಷವಿದೆ ಎಂಬುದು ನ್ಯಾಯಸೂತ್ರದ ಸಮಾಧಾನ. ಗುರ್ಜಿ ಹೊತ್ತರೂ ಪರ್ಜನ್ಯ ಜಪ ಮಾಡಿಸಿದರೂ ಮಳೆ ಬಾರದಾಗ ಊರವರು ಹೇಳುವುದೂ ಇದನ್ನೇ. ಈ ಸಮಾಧಾನದ ದೌರ್ಬಲ್ಯ ಒಂದೇ: ಯಾವ ಸೋಲೂ ಅದನ್ನು ಸೋಲಿಸದು. ಶೇ 70 ಸಾಧ್ಯತೆ ಎಂಬ ಮಾತಿಗೂ ಈ ಆರೋಪ ತಾಗುತ್ತದೆ. ಗಾಳಿ ಬೀಸಿದರೂ ಸರಿ, ಬೀಸದಿದ್ದರೂ ಸರಿ. ಆದರೆ ಇಲ್ಲಿ ಪಾರಾಗುವ ದಾರಿ ಇಲ್ಲ. ಅಮೆರಿಕದ ಹವಾಮಾನ ಸಂಸ್ಥೆಯ ಗ್ಲೆನ್ ಬ್ರಯರ್ 1950ರಲ್ಲಿ ಇದಕ್ಕೊಂದು ಅಂಕ ಪದ್ಧತಿ ಕೊಟ್ಟರು. ಶೇ 70 ಎಂದು ಹೇಳಿದ ದಿನಗಳನ್ನೆಲ್ಲ ಒಟ್ಟು ಹಾಕಿದರೆ ನೂರರಲ್ಲಿ ಎಪ್ಪತ್ತರ ಹತ್ತಿರ ಗಾಳಿ ಬೀಸಿರಬೇಕು; ತೊಂಬತ್ತು ದಿನ ಬೀಸಿದ್ದರೂ ಹೇಳಿದವರು ತಪ್ಪಿದಂತೆಯೇ. ಒಂದು ದಿನಕ್ಕೆ ಸಿಕ್ಕಿಬೀಳದ ಮಾತು ಒಂದು ವರ್ಷಕ್ಕೆ ಸಿಕ್ಕಿಬೀಳುತ್ತದೆ. ಅರಿವಿನ ಸತ್ಯ ಹೊರಗಿನಿಂದ, ಅದನ್ನು ನೆಚ್ಚಿ ನಡೆದಾಗ ಫಲ ಸಿಕ್ಕುವುದರಿಂದ, ಗೊತ್ತಾಗಬೇಕು ಎಂಬ ನೈಯಾಯಿಕರ ಪರತಃಪ್ರಾಮಾಣ್ಯ ವಾದಕ್ಕೆ ಇದು ಹೊಂದುತ್ತದೆ. ಪಂಚಾಂಗದ ಮಳೆಫಲವನ್ನೂ ಹೀಗೆ ಮೂವತ್ತು ವರ್ಷ ಒಟ್ಟು ಹಾಕಿ ನೋಡಬಹುದು.

ನಿಶ್ಚಯವಿಲ್ಲದೆ ನಡೆಯಬಹುದೇ ಎಂಬುದು ಉಳಿದ ಪ್ರಶ್ನೆ. 8ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ನಡೆಯಬಹುದೆಂದೇ ಹೇಳಿದ. ಪ್ರಯೋಜನ ಸಿಕ್ಕೀತೆಂಬ ಸಂಶಯವೂ ಪ್ರವೃತ್ತಿಗೆ ಕಾರಣವಾಗುತ್ತದೆ. ಹಿಂಗಾರಿ ಜೋಳದ ರಾಶಿ ನಡೆಯುವ ಕಣದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೊರ ಎತ್ತುವ ಮೊದಲು ರೈತ ಒಂದು ಹಿಡಿ ಹೊಟ್ಟನ್ನು ತಲೆಮಟ್ಟದಿಂದ ಬಿಡುತ್ತಾನೆ. ಹೊಟ್ಟು ಎತ್ತ ಹಾರಿತು, ಎಷ್ಟು ದೂರ ಬಿತ್ತು ಎಂದು ನೋಡಿ ನಿಲ್ಲುವ ಜಾಗ ಬದಲಿಸುತ್ತಾನೆ. ಗಾಳಿ ಇನ್ನರ್ಧ ಗಂಟೆ ಹೀಗೇ ಇದ್ದೀತು ಎಂಬುದು ಅವನ ಸಂಭಾವನೆ. ಸುಳಿದು ತಿರುಗಿದರೆ ಹೊಟ್ಟೆಲ್ಲ ತೂರಿದ ಕಾಳಿನ ಮೇಲೇ ಬೀಳುತ್ತದೆ ಎಂಬುದೂ ಅವನಿಗೆ ಗೊತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ನಿಶ್ಚಯಕ್ಕಾಗಿ ಕಾಯಲು ಹೇಳುವುದಿಲ್ಲ. ಸಂಜೆ ಮೋಡ ಕಟ್ಟೀತು ಎಂದು ಮೊಬೈಲಿನಲ್ಲಿ ಓದಿದ ದಿನ ತಾಡಪತ್ರಿ ಕಣದ ಮೂಲೆಗೆ ಬಂದಿರುತ್ತದೆ. ಮಳೆ ಬಾರದಿದ್ದರೆ ಅದನ್ನು ಮಡಿಚಿ ಮನೆಗೆ ಒಯ್ಯುವ ಶ್ರಮ ಮಾತ್ರ. ಬಂದು ರಾಶಿ ನೆನೆದರೆ ಜೋಳ ಕಪ್ಪಾಗಿ ವರ್ಷದ ದುಡಿಮೆ ಹೋಗುತ್ತದೆ. ಎರಡು ನಷ್ಟಗಳು ಇಷ್ಟು ಅಸಮವಾಗಿರುವಾಗ ಶೇ 30ರ ಸಾಧ್ಯತೆಗೂ ಹೊದಿಸುವುದೇ ಸರಿ. ಅದೇ ಶೇ 30ಕ್ಕೆ ಮದುವೆ ಮುಂದೂಡುವುದು ಸರಿಯಲ್ಲ. ಇಲಾಖೆ ಹೇಳಬಲ್ಲದ್ದು ತುದಿ ಎಷ್ಟು ಭಾರ ಎಂಬುದನ್ನು ಮಾತ್ರ. ಯಾವ ತೂಕಕ್ಕೆ ಕದಲಬೇಕೆಂಬುದನ್ನು ಕಳೆದುಕೊಳ್ಳುವವರೇ ತೀರ್ಮಾನಿಸಬೇಕು. ಇಲಾಖೆಯ ಪ್ರಕಟಣೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೊಸದಾಗಿ ಹೊರಡುತ್ತದೆ. ಮಧ್ಯಾಹ್ನದ್ದು ಬಂದ ಮೇಲೆ ಬೆಳಗಿನದನ್ನು ಹಿಡಿದು ಕೂರಬಾರದು.